ಆಕಾಶ ನೋಡುವ ಹೂಗಳು

ಮಾರ್ಚ್ ೩, ಸೋಮವಾರ

ಈ ನೋಟುಬುಕ್ಕಿನ ಮೊದಲ ಹತ್ತು ಪುಟಗಳಲ್ಲಿ ನನ್ನ ಬೋರ್ಡಂಗಡಿಯ ಆರ್ಡರುಗಳಿವೆ. 'ಇಲ್ಲಿ ಮೂತ್ರ ಮಾಡಬಾರದು' ಆರು, 'ನಾಯಿ ಇದೆ ಎಚ್ಚರಿಕೆ' ಎರಡು, 'ಬಾಡಿಗೆಗೆ ಇದೆ' ಒಂದು. ಕೊನೆಯದು ನನ್ನ ಅಂಗಡಿಗೇ ಬರೆದುಕೊಂಡದ್ದು. ಹನ್ನೊಂದನೆಯ ಪುಟದಿಂದ ದಿನಚರಿ. ಮೂರೇ ದಿನದ ದಿನಚರಿಯಾದ್ದರಿಂದ ಪುಟಗಳನ್ನು ಧಾರಾಳವಾಗಿ ಖರ್ಚು ಮಾಡಬಹುದು.

ಮೂರು ದಿನ ಎಂದವಳು ನನ್ನ ಹೆಂಡತಿ. ಪಟ್ಟಣದ ಆಸ್ಪತ್ರೆಯಲ್ಲಿ ನರ್ಸು, ಎರಡು ವಾರಕ್ಕೊಂದು ಭಾನುವಾರ ರಜೆ. ಅವಳ ಅಮ್ಮ, ಅಂದರೆ ನನ್ನ ಅತ್ತೆ, ಇಲ್ಲಿ ವೆನಿಲ್ಲಾ ಬೆಳೆಯುತ್ತಾರೆ. ಅತ್ತೆಯ ಎಡಗಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಗಿದೆ. ಜೊತೆಗೆ ಕೆಲಸಕ್ಕಿದ್ದಾಕೆ ಸರಿಯಾಗಿ ಹೂವು ಬಿಡುವ ಹೊತ್ತಿಗೆ ಮಗಳ ಬಾಣಂತನಕ್ಕೆಂದು ಹೊರಟುಹೋದಳು. ಬೇರೆ ಆಳು ಸಿಗುವ ತನಕ ಇರಿ, ನಿಮ್ಮ ಕೈ ನಡುಗುವುದಿಲ್ಲ ಎಂದು ಹೆಂಡತಿ ಹೊಗಳಿ ಕಳಿಸಿದ್ದಾಳೆ. ನಡುಗುವುದಿಲ್ಲ, ನಿಜ, ಇಪ್ಪತ್ತು ವರ್ಷ ಅಕ್ಷರ ಬರೆದ ಕೈ. ಅತ್ತೆಯ ಮುಂದೆ ನಿಂತಾಗ ತಡವರಿಸುವುದು ನಾಲಿಗೆ.

ಮುಂದಿನ ಸೋಮವಾರ ನಾನು ಬಂದರಿನಲ್ಲಿರಬೇಕು. ಅಲ್ಲಿಯ ಹಡಗುಕಟ್ಟೆಯ ಮೇಸ್ತ್ರಿಗೆ ಹಡಗಿನ ಮೂತಿಯ ಮೇಲೆ ಕೈಯಿಂದಲೇ ಹೆಸರು ಬರೆಯುವವನು ಬೇಕಾಗಿದ್ದಾನೆ. ಆಳೆತ್ತರದ ಅಕ್ಷರಗಳು! ಇಷ್ಟು ದಿನ ಗೋಡೆಗೆ ಒರಗಿದವರು ಓದುತ್ತಿದ್ದುದನ್ನು ಇನ್ನು ಮೇಲೆ ತಿಮಿಂಗಿಲಗಳು ಓದಲಿವೆ.

ಮನೆಯ ಹಿಂದೆ ಕಪ್ಪು ನೆರಳುಬಲೆಯ ಚಪ್ಪರ, ನಾಲ್ಕೂ ಕಡೆ ತಂತಿಬೇಲಿ, ಒಂದು ಗೇಟು. ಒಳಗೆ ಹದಿನಾಲ್ಕು ಸಾಲು ಗೂಟ, ಗೂಟಕ್ಕೊಂದು ಬಳ್ಳಿ. ಮೊದಲ ಏಳು ಸಾಲು ಅತ್ತೆಯವು, ಉಳಿದ ಏಳು ನನ್ನವು. ಇದರ ಹೂವು ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಗೊಂಚಲಲ್ಲಿ ಇಪ್ಪತ್ತು ಮೊಗ್ಗಿದ್ದರೂ ದಿನಕ್ಕೆ ಒಂದೋ ಎರಡೋ ಅರಳುತ್ತವೆ, ಸರ್ಕಾರಿ ಕಚೇರಿಯ ಕಡತಗಳ ಹಾಗೆ. ಗಂಡು ಹೆಣ್ಣು ಎರಡೂ ಒಂದೇ ಹೂವಿನೊಳಗೆ, ನಡುವೆ ಒಂದು ತೆಳು ಪರದೆ. ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟ ದಂಪತಿ. ಆ ಪರದೆ ಎತ್ತಬಲ್ಲ ಹುಳುಹುಪ್ಪಟೆ ಈ ಸೀಮೆಯಲ್ಲಿಲ್ಲವಂತೆ, ಆದ್ದರಿಂದ ಅಳಿಯ. ಮುಳ್ಳಿನ ಮೊನೆಯಿಂದ ಪರದೆ ಎತ್ತಿ, ಹೆಬ್ಬೆರಳಿನಿಂದ ಮೆತ್ತಗೆ ಒತ್ತಬೇಕು. ಪುಸ್ತಕದಲ್ಲಿ ಪರಾಗಸ್ಪರ್ಶ ಎನ್ನುವ ಇದನ್ನು ಈ ಮನೆಯಲ್ಲಿ ಮದುವೆ ಮಾಡೋದು ಎನ್ನುತ್ತಾರೆ. ಮದುವೆ ಕೂಡಿಬಂದರೆ ಮರುದಿನ ಹೂವು ತೊಟ್ಟು ಕಚ್ಚಿಕೊಂಡಿರುತ್ತದೆ, ಇಲ್ಲದಿದ್ದರೆ ನೆಲದ ಮೇಲಿರುತ್ತದೆ. ಸುಳ್ಳಿಗೆ ಎಡೆಯಿಲ್ಲದ ಕಸುಬು.

ಅತ್ತೆಯ ಪಾಠ ಮೂರು ವಾಕ್ಯದ್ದು. "ನೋಡಿ ಕಲೀರಿ. ಕಂಡಿದ್ದಕ್ಕೆಲ್ಲ ಮಾಡಿ. ನಾನು ಕೆಂಪು ದಾರ ಕಟ್ಟಿದ ಗೊಂಚಲು ಮಾತ್ರ ಮುಟ್ಬೇಡಿ." ಮದುವೆಯಾದ ಹನ್ನೊಂದು ವರ್ಷಗಳಿಂದಲೂ ನನ್ನನ್ನು ಬಹುವಚನದಲ್ಲೇ ಬೈಯುತ್ತ ಬಂದಿದ್ದಾರೆ. ಮರ್ಯಾದೆಗೆ ಏನೂ ಕಡಿಮೆಯಿಲ್ಲ.

ಗೇಟಿನ ಮುಂದೆ ದಿನಕ್ಕೊಂದು ಬಸ್ಸು, ಎಂಟೂ ಹತ್ತಕ್ಕೆ. ಕೈ ತೋರಿಸಿದರೆ ನಿಲ್ಲುತ್ತದೆ. ನಿಲ್ಲದಿದ್ದರೂ ಮುಂದಿನ ತಿರುವಿನಲ್ಲಿ ನಡಿಗೆಯ ವೇಗಕ್ಕೆ ಇಳಿಯುತ್ತದೆ. ಹತ್ತು ಹೆಜ್ಜೆ ಓಡಿದರೆ ಹತ್ತಿಬಿಡಬಹುದು. ಇದನ್ನೆಲ್ಲ ಬಂದ ದಿನವೇ ಗಮನಿಸಿಟ್ಟಿದ್ದೇನೆ. ಹೊರಗೆ ಹೋಗುವ ದಾರಿಯನ್ನು ಮೊದಲು ನೋಡಿಕೊಳ್ಳುವುದು ಸಜ್ಜನ ಅಳಿಯಂದಿರ ಲಕ್ಷಣ.

ಮಾರ್ಚ್ ೫, ಬುಧವಾರ

ಮೂರನೆಯ ದಿನ ಮುಗಿಯಿತು. ಆಳು ಸಿಕ್ಕಿಲ್ಲ. ಎಂಟೂ ಹತ್ತಕ್ಕೆ ಬಸ್ಸು ಬಂದಾಗ ನನ್ನ ಸಾಲಿನಲ್ಲಿ ಐವತ್ತು ಹೂವು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದವು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ, "ಇವತ್ತು ಬರ್ತೀರಾ?" ಎಂದ. ಮೊದಲ ದಿನ ಇಳಿಯುವಾಗ 'ಮೂರು ದಿನ ಅಷ್ಟೆ' ಎಂದು ಅವನ ಬಳಿ ಜಂಬ ಕೊಚ್ಚಿಕೊಂಡಿದ್ದೆ. ನಾಳೆ ಎಂದೆ.

ಮಾರ್ಚ್ ೯, ಭಾನುವಾರ

ಗಂಭೀರ ವಿಷಯ.

ನಿನ್ನೆ ಬೆಳಗ್ಗೆ ಅತ್ತೆ ಒಳಗೆ ಹೋಗಿದ್ದಾಗ ಕುತೂಹಲಕ್ಕೆ ಅವರ ಸಾಲುಗಳಲ್ಲಿ ಸುತ್ತಾಡಿದೆ. ನೆಲದ ಮೇಲೆ ಹಿಂದಿನ ದಿನದ ಹೂವುಗಳು ಬಿದ್ದಿದ್ದವು. ಎಣಿಸಿದೆ: ಇಪ್ಪತ್ತೇಳು. ಮೂವತ್ತು ವರ್ಷ ಈ ಕಸುಬು ಮಾಡಿದವರ ಸಾಲಿನಲ್ಲಿ ಇಪ್ಪತ್ತೇಳು! ಇವತ್ತು ಅರಳಿದ ಹೂವುಗಳನ್ನೂ ಅವರು ಹೋದ ಮೇಲೆ ಬಗ್ಗಿ ನೋಡಿದೆ. ಒಂದು ಗೊಂಚಲಲ್ಲಿ ಒಂದು ಮಾಡಿದ್ದಾರೆ, ಪಕ್ಕದ್ದನ್ನು ಬಿಟ್ಟಿದ್ದಾರೆ. ಪರದೆ ಹಾಗೇ ಇದೆ. ಕಂಡೇ ಇಲ್ಲ, ಪಾಪ.

ಪೊರೆ ತೆಗೆಸಿದ ಕಣ್ಣು. ನಿಂಬೆಗಿಡದ ಮುಳ್ಳು ಹಿಡಿದು ಹೂವಿಗೆ ಮೂಗು ತಾಗುವಷ್ಟು ಬಗ್ಗುವುದನ್ನು ನೋಡಿದರೇ ಗೊತ್ತಾಗುತ್ತಿತ್ತು.

ಹೆಂಡತಿ ಬಂದಿದ್ದಳು. ಅವಳೊಂದಿಗೇ ನಾಳೆ ಹೊರಡುವುದೆಂದು ಚೀಲ ಕಟ್ಟಿಯಾಗಿತ್ತು. ಅವಳು ಅಮ್ಮನ ಕಣ್ಣಿನ ಬಗ್ಗೆ ಕೇಳಿದಳು. ಅತ್ತೆ, ಹದ್ದಿನ ಹಾಗೆ ಕಾಣುತ್ತೆ ಎಂದರು. ನಾನು ನೆಲ ನೋಡಿದೆ. ಮೂವತ್ತು ವರ್ಷದ ಕೈಚಳಕ ಕೈಬಿಟ್ಟಿದೆ ಎಂದು ಅತ್ತೆಗೆ ಅಳಿಯ ಹೇಳುವುದುಂಟೆ? ಚೀಲ ಬಿಚ್ಚಿದೆ.

ಮಾರ್ಚ್ ೧೦, ಸೋಮವಾರ

ಪರೋಪಕಾರ ಆರಂಭ. ಎಂಟೂ ಮುಕ್ಕಾಲಿಗೆ ಅತ್ತೆ ಒಳಗೆ ಹೋಗಿ ಕಣ್ಣಿಗೆ ಹನಿ ಹಾಕಿಕೊಂಡು ಅರ್ಧ ಗಂಟೆ ಮಲಗುತ್ತಾರೆ. ಆ ಅರ್ಧ ಗಂಟೆಯಲ್ಲಿ ನಾನು ಅವರ ಸಾಲುಗಳಿಗೆ ನುಗ್ಗಿ, ಅವರು ಬಿಟ್ಟ ಹೂವುಗಳಿಗೆಲ್ಲ ಗುಟ್ಟಾಗಿ ಮದುವೆ ಮಾಡಿಸಿದೆ. ಒಟ್ಟು ಇಪ್ಪತ್ತೊಂಬತ್ತು ಜೋಡಿ. ಕದ್ದು ಮಾಡುವ ಕೆಲಸದಲ್ಲಿ ಎಂಥ ಶ್ರದ್ಧೆ! ಒಂದೊಂದನ್ನೂ ಹಡಗಿನ ಅಕ್ಷರವೆಂಬಂತೆ ಮಾಡಿದೆ.

ಮೇಸ್ತ್ರಿಗೆ ಫೋನು ಮಾಡಿದೆ. ಈ ಮನೆಯಲ್ಲಿ ಫೋನಿಗೆ ಜೀವ ಬರುವುದು ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತರೆ ಮಾತ್ರ. ಅವಸರವಿಲ್ಲವಂತೆ, ಹಡಗಿಗೆ ಹೆಸರೇ ತೀರ್ಮಾನವಾಗಿಲ್ಲ. ಮಾಲೀಕನಿಗೆ ತನ್ನ ಅಮ್ಮನ ಹೆಸರು ಬೇಕು, ಮಾಲೀಕನ ಹೆಂಡತಿಗೆ ಅವಳದೇ ಹೆಸರು ಬೇಕು. ಅತ್ತೆ ಸೊಸೆಯರ ಜಗಳದಿಂದ ಒಬ್ಬ ಅಳಿಯನಿಗಾದರೂ ಉಪಕಾರವಾಯಿತು.

ಮಾರ್ಚ್ ೧೪, ಶುಕ್ರವಾರ

ಅತ್ತೆಯ ಸಾಲಿನಲ್ಲಿ ಈಗ ನೆಲಕ್ಕೆ ಒಂದು ಹೂವೂ ಬೀಳುತ್ತಿಲ್ಲ. ಬೆಳಗ್ಗೆ ಮೂರನೆಯ ಗೂಟದ ಮುಂದೆ ಅವರು ತುಂಬಾ ಹೊತ್ತು ಸುಮ್ಮನೆ ನಿಂತಿದ್ದರು. ಹೆಮ್ಮೆಯಿಂದ ಇರಬೇಕು.

ಮಾರ್ಚ್ ೧೮, ಮಂಗಳವಾರ

ಎರಡು ಕುದುರೆ ಸವಾರಿ. ಅವರ ಸಾಲಿಗೆ ಓಡುವ ಅವಸರದಲ್ಲಿ ನನ್ನ ಸಾಲು ಹಾಳಾಗುತ್ತಿದೆ. ಇವತ್ತು ನನ್ನಲ್ಲಿ ಅರ್ಧಕ್ಕರ್ಧ ಬಿದ್ದಿದ್ದವು. ಅತ್ತೆ ಅವನ್ನು ಕಾಲಿನಿಂದ ಒಂದು ಕಡೆ ಸರಿಸಿ, "ನಿಮ್ಮ ಬೋರ್ಡುಗಳೂ ಹೀಗೇ ಬೀಳ್ತಿದ್ವಾ?" ಎಂದರು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ಸಂತರೆಲ್ಲ ಹೀಗೇ ನುಂಗಿಕೊಂಡಿರಬೇಕು.

ಕಂಡಕ್ಟರು ಈಗ "ಬರ್ತೀರಾ" ಎಂದು ಕೇಳುವುದಿಲ್ಲ. ಸುಮ್ಮನೆ ಹುಬ್ಬು ಹಾರಿಸುತ್ತಾನೆ.

ಮಾರ್ಚ್ ೨೩, ಭಾನುವಾರ

ಅತ್ತೆಯ ನಡೆನುಡಿಯಲ್ಲಿ ವಿಚಿತ್ರಗಳು ಹೆಚ್ಚುತ್ತಿವೆ. ಗುರುವಾರ ಇದ್ದಕ್ಕಿದ್ದಂತೆ, "ನಾನು ಇವತ್ತು ಈ ಸಾಲಿಗೆ ಎರಡು ಸಲ ಬಂದಿದ್ನಾ?" ಎಂದು ಕೇಳಿದರು. ಇಲ್ಲ, ಒಂದೇ ಸಲ ಎಂದೆ. ನನ್ನ ಮುಖವನ್ನೇ ನೋಡಿದರು. ನಾನು ಒಳ್ಳೆಯ ಮಾತು ಹೇಳಿದವನ ಮುಖ ಮಾಡಿದೆ.

ಏಳನೆಯ ಸಾಲಿನ ಎಳೆಯ ಬಳ್ಳಿಗಳು ತಡವಾಗಿ ಮೊನ್ನೆಯಷ್ಟೇ ಹೂವು ಬಿಟ್ಟಿವೆ. ಆ ಸಾಲಿಗೆ ಮಾತ್ರ ಅತ್ತೆ ಒಂದು ಉದ್ದನೆಯ ದಾರ ಹಿಡಿದುಕೊಂಡು ಹೋಗುತ್ತಾರೆ. ಒಂದು ಹೂವಿಗೆ ಒಂದು ಗಂಟು. ಯಾಕೆ ಎಂದರೆ, ಕೈಗೆ ಕೆಲಸ ಎಂದರು. ಬೆಳಗ್ಗೆ ನಾನು ಏಳುವ ಮುಂಚೆಯೇ ಗೋಡೆಯಾಚೆಯ ಕೋಣೆಯಿಂದ ನನ್ನ ಹೆಂಡತಿಯ ಹೆಸರು ಕೇಳಿಸುತ್ತದೆ. ಒಂದೇ ಸಲ, ಸ್ಪಷ್ಟವಾಗಿ. ಮಗಳ ನೆನಪು ಬಹಳ ಕಾಡುತ್ತಿರಬೇಕು.

ಮಗಳೇ ಇವತ್ತು ಬಂದಳು. ಅಮ್ಮ ಯಾಕೆ ಇಳಿದುಹೋಗಿದ್ದಾರೆ ಎಂದು ನನ್ನನ್ನು ಕೇಳಿದಳು. ಹೂವಿನ ಕಾಲ, ಸುಸ್ತು ಎಂದೆ. ವಯಸ್ಸಾಯಿತಲ್ಲ, ಕಣ್ಣಿನ ಜೊತೆ ನೆನಪೂ ಕೈಕೊಡುತ್ತಿರಬಹುದು. ಇಂಥ ಹೊತ್ತಲ್ಲಿ ನಾನಿಲ್ಲದಿದ್ದರೆ ಈ ತೋಟದ ಗತಿಯೇನು?

ಮಾರ್ಚ್ ೨೭, ಗುರುವಾರ

ಗುಟ್ಟಿನ ಮದುವೆ ನಲವತ್ತನಾಲ್ಕು. ತಪ್ಪಿದ ಬಸ್ಸು ಒಂದು.

ಮಾರ್ಚ್ ೩೦, ಭಾನುವಾರ

ಅಂತೂ ನನ್ನ ಕಲೆಗೆ ಈ ಮನೆಯಲ್ಲಿ ಮನ್ನಣೆ ಸಿಕ್ಕಿತು. ಅಡುಗೆಮನೆಯ ಡಬ್ಬಗಳ ಮೇಲೆ ಹೆಸರು ಬರೆದುಕೊಡಿ ಎಂದರು ಅತ್ತೆ. ಉಪ್ಪು, ಸಕ್ಕರೆ, ಸೋಡಾ. ದೊಡ್ಡದಾಗಿ, ದೂರದಿಂದ ಕಾಣುವ ಹಾಗೆ. ಉಪ್ಪಿಗೆ ನೀಲಿ ನೆರಳು ಕೊಟ್ಟೆ, ಸಕ್ಕರೆಯ ಒತ್ತಕ್ಷರಕ್ಕೆ ಒಂದು ಬಳುಕು ಕೊಟ್ಟೆ. ಆಮೇಲೆ ಔಷಧಿಯ ಶೀಶೆಗಳು. ಆಮೇಲೆ ಬೀಗದ ಕೈಗಳಿಗೆಲ್ಲ ಚೀಟಿ. ಕೊನೆಗೆ ಒಲೆಯ ಎದುರಿನ ಗೋಡೆಯ ಮೇಲೆ, 'ಒಲೆ ಆರಿಸಿದೆಯಾ?' ಎಂದು ಬರೆಯಿರಿ ಎಂದರು.

ಗೋಡೆಯ ಕೆಲಸವೆಂದರೆ ಅಂಚು ಬೇಕೇಬೇಕು. ಸುತ್ತ ಹೂಬಳ್ಳಿ ಬಿಡಿಸಿದೆ. ಪ್ರಶ್ನಾರ್ಥಕ ಚಿಹ್ನೆ ಬಹಳ ಸೊಗಸಾಗಿ ಬಂದಿದೆ. ಅತ್ತೆ ಅದನ್ನು ನೋಡಿ, ಚೆನ್ನಾಗಿದೆ ಎಂದರು. ಬೈಯದೆ ಹೊಗಳಿದ್ದು ಇದೇ ಮೊದಲು. ಯಾಕೋ ಖುಷಿಯಾಗಲಿಲ್ಲ.

ಸಂಜೆ ನನ್ನನ್ನು ಕೂರಿಸಿಕೊಂಡು ಕಾಯಿ ಹದ ಮಾಡುವ ಕ್ರಮವನ್ನೆಲ್ಲ ಬರೆಸಿದರು. ಒಂಬತ್ತು ತಿಂಗಳಿಗೆ ತುದಿ ಹಳದಿಯಾದಾಗ ಕೊಯ್ಯಬೇಕು. ಬೆರಳು ಅದ್ದಿದರೆ ಬಾಯಿಂದ ಶಬ್ದ ಬರುವಷ್ಟು ಬಿಸಿ ನೀರಿನಲ್ಲಿ ಮೂರು ನಿಮಿಷ ಮುಳುಗಿಸಬೇಕು. ಕಂಬಳಿಯಲ್ಲಿ ಸುತ್ತಿ ಬೆವರಲು ಬಿಡಬೇಕು. ಪ್ರತಿ ಸಾಲಿನ ಕೊನೆಗೂ, "ಬರ್ಕೊಂಡ್ರಾ?" ಎಂದರು. ಕೊಯ್ಲಿಗೆ ನಾನಿರುವುದಿಲ್ಲವಲ್ಲ ಎಂದು ನೆನಪಿಸಿದೆ. ಬರ್ಕೊಳ್ಳಿ ಎಂದರು.

ಏಪ್ರಿಲ್ ೫, ಶನಿವಾರ

ಈ ಪುಟವನ್ನು ಹರಿದು ಹಾಕುವ ಮನಸ್ಸಾಗುತ್ತಿದೆ.

ಮಧ್ಯಾಹ್ನ ಮೂಗು ಬಂದಿದ್ದರು. ಕಾಯಿ ಕೊಳ್ಳುವ ವ್ಯಾಪಾರಿ. ಒಂದು ಕಾಯಿ ಮೂಸಿ ಯಾರ ತೋಟದ್ದು, ಎಷ್ಟು ದಿನ ಕಂಬಳಿಯಲ್ಲಿತ್ತು ಎಂದು ಹೇಳುತ್ತಾರಾದ್ದರಿಂದ ಎಲ್ಲರಿಗೂ ಮೂಗು. ಕಾಯಿ ಎಳೆಯದಾಗಿರುವಾಗಲೇ ಒಮ್ಮೆ ನೋಡಿಹೋಗುವುದು ಅವರ ಕ್ರಮ. ಅತ್ತೆಯೊಂದಿಗೆ ಸಾಲುಗಳಲ್ಲಿ ಓಡಾಡಿ ಬಂದವರು, ಅತ್ತೆ ಕಾಫಿ ತರಲು ಒಳಗೆ ಹೋದಾಗ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಏನಾಗಿದೆ ಅಮ್ಮನಿಗೆ? ಮೇಲೆ ನೋಡೋ ಹೂವಿಗೆಲ್ಲ ಮದುವೆ ಮಾಡಿದ್ದಾರೆ."

ನನಗೆ ಅರ್ಥವಾಗಲಿಲ್ಲ. ಮೂಗು ಗೊಂಚಲನ್ನು ಬೆರಳಿನಿಂದ ಎತ್ತಿ ತೋರಿಸಿದರು. ಕೆಳಗೆ ನೋಡುವ ಹೂವಿನ ಕಾಯಿ ನೆಟ್ಟಗೆ ಇಳಿಯುತ್ತದೆ. ಆಕಾಶ ನೋಡುವ ಹೂವಿನ ಕಾಯಿ ಕೊಕ್ಕೆಯಂತೆ ಸೊಟ್ಟಗಾಗುತ್ತದೆ. ಅದಕ್ಕೇ ಅತ್ತೆ ಅವುಗಳನ್ನು ಮುಟ್ಟುವುದಿಲ್ಲ. ಕೆಳಗೆ ನೋಡುವವನ್ನೇ ಆರಿಸಿ, ಗೊಂಚಲಿಗೆ ಎಂಟು ಮಾಡಿ, ಮಿಕ್ಕವನ್ನು ಬೀಳಲು ಬಿಡುತ್ತಾರೆ. ಮೂವತ್ತು ವರ್ಷದಿಂದ. ಈಗ ಒಂದೊಂದರಲ್ಲಿ ಹದಿಮೂರು, ಹದಿನಾಲ್ಕು ಕಾಯಿಗಳಿವೆ. ಅಷ್ಟನ್ನು ಹೊತ್ತರೆ ಬಳ್ಳಿ ಸೊರಗಿ ಸಾಯುತ್ತದೆ.

"ಇದ್ಯಾರು ಮಾಡಿದ್ದು ಅಂತ ಕೇಳ್ದೆ," ಎಂದರು ಮೂಗು. "ನಾನೇ ಮಾಡಿರಬೇಕು ಅಂದ್ರು. ಮಾಡಿರಬೇಕು ಅಂತೆ. ಆ ಅಮ್ಮನ ಬಾಯಲ್ಲಿ ಈ ಮಾತು ನಾನು ಕೇಳಿದ್ದೇ ಇಲ್ಲ."

ಅಷ್ಟರಲ್ಲಿ ಅತ್ತೆ ಕಾಫಿ ತಂದರು. ನನ್ನ ಲೋಟಕ್ಕೆ ಸಕ್ಕರೆ ಹಾಕುವ ಮುಂಚೆ ಡಬ್ಬದ ಮೇಲಿನ ನನ್ನ ಅಕ್ಷರವನ್ನು ಎರಡು ಸಲ ಓದಿದರು.

ಏಪ್ರಿಲ್ ೬, ಭಾನುವಾರ

ಇವತ್ತು ಅವರ ಸಾಲಿಗೆ ಕಾಲಿಡಲಿಲ್ಲ. ಒಟ್ಟು ಲೆಕ್ಕ ಹಾಕಿದೆ: ಇಪ್ಪತ್ತೇಳು ದಿನ, ಎಂಟುನೂರ ನಲವತ್ತು. ಪ್ರತಿದಿನದ ಸಂಖ್ಯೆಯನ್ನೂ ಈ ನೋಟುಬುಕ್ಕಿನ ಹಿಂದಿನ ರಟ್ಟಿನ ಮೇಲೆ ಜಂಬದಿಂದ ಬರೆದಿಟ್ಟಿದ್ದೇನೆ. ಕಳ್ಳ ತಾನೇ ತನ್ನ ಮೇಲೆ ದೂರು ಬರೆದುಕೊಟ್ಟ ಹಾಗೆ.

ಹೆಂಡತಿ ಬಂದಳು. ಟ್ಯಾಂಕಿನ ನೆರಳಿಗೆ ಕರೆದುಕೊಂಡು ಹೋಗಿ ಅತ್ತಳು. ಅಮ್ಮ ಅವಳಿಗೆ ಎಲ್ಲ ಹೇಳಿದ್ದಾರೆ: ತಾನು ಮುಟ್ಟದ ಹೂವುಗಳು ಕಾಯಿ ಕಟ್ಟುತ್ತಿವೆ, ತಾನೇ ಮಾಡಿ ತಾನೇ ಮರೆಯುತ್ತಿದ್ದೇನೆ, ಕೈ ಮೂವತ್ತು ವರ್ಷದ ಪಾಠವನ್ನು ಮರೆತುಬಿಟ್ಟಿದೆ. ಅವಳು ಗುರುವಾರಕ್ಕೆ ಮೆದುಳಿನ ಡಾಕ್ಟರನ್ನು ಗೊತ್ತು ಮಾಡಿದ್ದಾಳೆ. ಈ ಹೂವು ಮುಗಿದರೆ ತೋಟ ಬೇರೆಯವರಿಗೆ ಬಿಟ್ಟು ಅಮ್ಮನನ್ನು ತನ್ನ ಒಂದು ಕೋಣೆಯ ಕ್ವಾರ್ಟರ್ಸಿಗೆ ಕರೆದೊಯ್ಯುತ್ತಾಳಂತೆ. ಅಮ್ಮ ಒಪ್ಪಿದ್ದಾರಂತೆ.

"ಅಲ್ಲಿವರೆಗೆ ನೀವು ಬಿಟ್ಟು ಹೋಗ್ಬೇಡಿ ರೀ. ನೀವಿದ್ದೀರಿ ಅನ್ನೋದೇ ಅಮ್ಮನಿಗೊಂದು ಧೈರ್ಯ."

ಬಾಯಿ ತೆರೆದೆ. ಹೂವಿನ ಹಾಗೆ. ಯಾರೂ ಪರದೆ ಎತ್ತಲಿಲ್ಲ. ಮುಚ್ಚಿದೆ.

ಏಪ್ರಿಲ್ ೭, ಸೋಮವಾರ

ಮೇಸ್ತ್ರಿಯ ಫೋನು. ಹಡಗಿಗೆ ಹೆಸರು ಗೊತ್ತಾಯಿತಂತೆ, ಹೆಂಡತಿ ಗೆದ್ದಳು. ಮುಂದಿನ ಸೋಮವಾರದೊಳಗೆ ಬರದಿದ್ದರೆ ಬೇರೆಯವನನ್ನು ನೋಡಿಕೊಳ್ಳುತ್ತಾರೆ.

ಹೇಳಬೇಕಾದದ್ದನ್ನು ಬೆಳಗ್ಗೆಯಿಂದ ಮನಸ್ಸಿನಲ್ಲೇ ಬರೆದು ಅಳಿಸುತ್ತಿದ್ದೇನೆ. 'ಅತ್ತೆ, ಒಂದು ಸಣ್ಣ ವಿಷಯ' ಎಂದು ಶುರು ಮಾಡಿದರೆ ಸುಳ್ಳು. 'ಒಂದು ದೊಡ್ಡ ವಿಷಯ' ಎಂದರೆ ಅವರಿಗೆ ಗಾಬರಿ. ಸುಮ್ಮನೆ ಬಸ್ಸು ಹತ್ತಿ ಹೋದರೆ? ಹೂವುಗಳು ತಮ್ಮಷ್ಟಕ್ಕೆ ತಾವೇ ಬೀಳತೊಡಗುತ್ತವೆ, ಅತ್ತೆ ತಾನು ಗುಣವಾದೆ ಎಂದುಕೊಳ್ಳುತ್ತಾರೆ, ನಾನು ಹಡಗಿನ ಮೇಲಿರುತ್ತೇನೆ. ಎಷ್ಟು ಚೊಕ್ಕ ಉಪಾಯ. ಹೇಡಿಗಳ ತಲೆ ಯಾವಾಗಲೂ ಚುರುಕು.

ಬಸ್ಸು ಬಂದಾಗ ಚೀಲ ಹಿಡಿದು ಗೇಟಿನ ತನಕ ಹೋಗಿದ್ದೆ ಕೂಡ. ಆಗ ಅಡುಗೆಮನೆಯಿಂದ ಅತ್ತೆಯ ದನಿ ಕೇಳಿಸಿತು. ಗೋಡೆಯ ಮೇಲಿನದನ್ನು ಗಟ್ಟಿಯಾಗಿ ಓದುತ್ತಿದ್ದರು: "ಒಲೆ ಆರಿಸಿದೆಯಾ?" ಆಮೇಲೆ ತಾವೇ ಉತ್ತರಿಸಿದರು: "ಆರಿಸಿದೀನಿ."

ಕಂಡಕ್ಟರಿಗೆ ಕೈಯಾಡಿಸಿ ಹೋಗು ಎಂದೆ.

ಏಪ್ರಿಲ್ ೮, ಮಂಗಳವಾರ

ಹೇಳಿದೆ.

ಬೆಳಗ್ಗೆ ಏಳು ಗಂಟೆ, ಏಳನೆಯ ಸಾಲು. ಅತ್ತೆ ಸ್ಟೂಲಿನ ಮೇಲೆ ಕೂತು ದಾರಕ್ಕೆ ಗಂಟು ಹಾಕುತ್ತಿದ್ದರು.

"ಅತ್ತೇ, ಆ ಮೇಲೆ ನೋಡೋ ಹೂವಿಗೆಲ್ಲ ನಾನು ಮಾಡಿದ್ದು."

ಗಂಟು ಅರ್ಧಕ್ಕೆ ನಿಂತಿತು. "ಯಾವ ಹೂವಿಗೆ?"

"ನೀವು ಬಿಟ್ಟಿದ್ದಕ್ಕೆಲ್ಲ. ಏಳೂ ಸಾಲಲ್ಲಿ. ನೀವು ಕಣ್ಣಿಗೆ ಹನಿ ಹಾಕ್ಕೊಂಡು ಮಲಗಿದಾಗ. ದಿನಾ."

"ಯಾಕೆ?"

"ನಿಮಗೆ ಕಾಣ್ಸಲ್ಲ ಅಂದ್ಕೊಂಡೆ."

ಅತ್ತೆ ದಾರವನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ, "ಇನ್ನೊಂದ್ಸಲ ಹೇಳಿ," ಎಂದರು. ಹೇಳಿದೆ. ಮೊದಲ ದಿನದಿಂದ ಹೇಳಿ ಎಂದರು. ನೋಟುಬುಕ್ಕು ತಂದು ಹಿಂದಿನ ರಟ್ಟಿನ ಮೇಲಿನ ಸಂಖ್ಯೆಗಳನ್ನು ತಾರೀಕಿನ ಸಮೇತ ಓದಿದೆ. ನನ್ನ ಅಪರಾಧದ ಪಟ್ಟಿಯನ್ನು ಅವರು ತಮಗೇನೂ ಕಾಯಿಲೆಯಿಲ್ಲ ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಓದಿಸಿಕೊಳ್ಳುವವರ ಹಾಗೆ ಕೇಳಿದರು.

"ಹಾಗಾದ್ರೆ ಆ ಗುರುವಾರ ನಾನು ಒಂದೇ ಸಲ ಬಂದಿದ್ದು."

"ಒಂದೇ ಸಲ."

"ಮೂರನೇ ಗೂಟದ್ದು ನಾನು ಮುಟ್ಟಿರ್ಲಿಲ್ಲ."

"ಮುಟ್ಟಿರ್ಲಿಲ್ಲ."

"ನನ್ನ ತಲೆ ನೆಟ್ಟಗಿದೆ."

"ನಿಮ್ಮದು ನೆಟ್ಟಗಿದೆ, ಅತ್ತೆ."

ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಭುಜಗಳು ಅಲುಗಿದವು. ನಗುವೋ ಅಳುವೋ ತಿಳಿಯದೆ ನಾನು ಒಂದು ಹೂವನ್ನು ದಿಟ್ಟಿಸಿ ನೋಡುತ್ತ ನಿಂತೆ. ಆಮೇಲೆ ಅವರು ಎದ್ದರು, ಸ್ಟೂಲು ಹಿಂದಕ್ಕೆ ಉರುಳಿತು.

"ನಿನ್ನ ತಲೆಯೊಳಗೆ ಏನಿದೆಯೋ, ಪುಣ್ಯಾತ್ಮ? ಬಾಯಿ ಇತ್ತಲ್ಲ, ಕೇಳೋಕೇನಾಗಿತ್ತು? ಮಗಳ ಹೆಸರೆಲ್ಲಿ ಮರೆತುಹೋಗುತ್ತೋ ಅಂತ ದಿನಾ ಎದ್ದ ತಕ್ಷಣ ಒಂದ್ಸಲ ಹೇಳಿ ನೋಡ್ಕೋತಿದ್ದೆ. ಗೊತ್ತಾ ನಿಂಗೆ?"

ಗೊತ್ತಿತ್ತು. ಗೋಡೆಯಾಚೆಯಿಂದ ದಿನವೂ ಕೇಳಿದ್ದೆ. ಮಗಳ ನೆನಪು ಎಂದು ಇದೇ ನೋಟುಬುಕ್ಕಿನಲ್ಲಿ ಬರೆದೂ ಇದ್ದೇನೆ.

ಕೆಂಪು ದಾರ ಯಾಕೆ ಕಟ್ಟುತ್ತಿದ್ದೆ ಗೊತ್ತೇನು ಎಂದು ಮುಂದುವರಿಸಿದರು. ಹೊಸಬರಿಗೆ ಕಂಡಿದ್ದಕ್ಕೆಲ್ಲ ಮಾಡು ಎನ್ನುತ್ತಾರಂತೆ. ಹೇಗೂ ಅರ್ಧ ಬೀಳುತ್ತವೆ. ನನ್ನ ಸಾಲಿನ ಗೊಂಚಲಲ್ಲಿ ಎಂಟು ಕಚ್ಚಿದ ಮೇಲೆ, ಇನ್ನು ಸಾಕು ಎಂದು ದಾರ. ನಾನು ಅದನ್ನು ಅವಮಾನವೆಂದು ತಿಳಿದಿದ್ದೆ. ಒಂದು ಲೆಕ್ಕಕ್ಕೆ ಅದು ಅವಮಾನವೇ.

"ನಿನ್ನ ಮೇಲೆ ಅನುಮಾನ ಬರದೇ ಇರ್ಲಿಲ್ಲ ಕಣೋ. ಆದ್ರೆ ನಿನ್ನ ಸಾಲಲ್ಲಿ ಅರ್ಧ ಬೀಳುತ್ತೆ, ನನ್ನ ಸಾಲಲ್ಲಿ ಎಲ್ಲೋ ಒಂದೆರಡು ಬಿಟ್ರೆ ಬಿದ್ದೇ ಇರ್ಲಿಲ್ಲ. ಇಷ್ಟು ಚೊಕ್ಕ ಕೆಲಸ ನಿನ್ನದಿರೋಕೆ ಸಾಧ್ಯವೇ ಇಲ್ಲ ಅಂತ ನಿನ್ನ ಬಿಟ್ಟೆ."

ಅರ್ಧ ಗಂಟೆ ಬೈದರು. ಎಲ್ಲ ಏಕವಚನದಲ್ಲಿ. ಆಮೇಲೆ ಟ್ಯಾಂಕಿನ ಮೇಲೆ ತಾವೇ ಹತ್ತಿ ಮಗಳಿಗೆ ಫೋನು ಮಾಡಿದರು. ಡಾಕ್ಟರನ್ನು ರದ್ದು ಮಾಡು, ತೋಟ ಯಾರಿಗೂ ಕೊಡುವುದಿಲ್ಲ, ಬೇಕಿದ್ದರೆ ಗುರುವಾರ ನಿನ್ನ ಗಂಡನ ತಲೆ ತೋರಿಸು ಎಂದದ್ದು ಕೆಳಗಿದ್ದ ನನಗೂ, ಪ್ರಾಯಶಃ ಬಂದರಿಗೂ ಕೇಳಿಸಿತು.

ಏಪ್ರಿಲ್ ೧೦, ಗುರುವಾರ

ಎರಡು ದಿನದಿಂದ ಚಿವುಟುತ್ತಿದ್ದೇನೆ. ನಾನು ಮಾಡಿಸಿದ ಮದುವೆಗಳ ಕಾಯಿಗಳನ್ನೆಲ್ಲ ನಾನೇ ಕಿತ್ತುಹಾಕಬೇಕು ಎಂಬುದು ತೀರ್ಪು. ಬೆರಳುದ್ದ ಬೆಳೆದು, ತುದಿ ಬಾಗಿಸಿಕೊಂಡು, ಬಿಸಿಲಿಲ್ಲದ ಆಕಾಶ ನೋಡುತ್ತಿರುವ ಹಸಿರು ಕೊಕ್ಕೆಗಳು. ಗುರುತು ಹಿಡಿಯುವುದು ಸುಲಭ: ಸೊಟ್ಟಗಿದ್ದರೆ ನನ್ನದು, ನೆಟ್ಟಗಿದ್ದರೂ ಎಂಟರ ಮೇಲಿದ್ದರೆ ನನ್ನದು. ಬಕೆಟ್ಟು ತುಂಬಿತು. ಇದಕ್ಕೆ ಇನ್ನೂ ವಾಸನೆಯೂ ಇರುವುದಿಲ್ಲ, ಮೂಗಿಗೂ ಬೇಡ.

ಸಂಜೆ ಅತ್ತೆ ಆ ಗಂಟಿನ ದಾರವನ್ನು ನನ್ನ ಕೈಗೆ ಹಾಕಿ, ಏಳನೆಯ ಸಾಲಲ್ಲಿ ಉಳಿದದ್ದನ್ನು ಎಣಿಸು ಎಂದು ಹೇಳಿ ಸ್ಟೂಲಿನ ಮೇಲೆ ಕೂತರು. ಗಂಟು ನೂರ ಅರವತ್ತಮೂರು. ಕಾಯಿ ನೂರ ಅರವತ್ತೊಂದು. ಮತ್ತೆ ಎಣಿಸಿದೆ. ನೂರ ಅರವತ್ತೊಂದು. ನೂರ ಅರವತ್ತಮೂರು ಎಂದು ಹೇಳಿಬಿಡಲೇ ಎಂದು ಒಂದು ಕ್ಷಣ ಅನಿಸಿತು. ಪರೋಪಕಾರದ ಚಟ ಅಷ್ಟು ಬೇಗ ಬಿಡುವುದಿಲ್ಲ.

"ಎರಡು ಕಡಿಮೆ, ಅತ್ತೆ," ಎಂದೆ.

ಅವರು ದಾರದ ನಡುವಿನಲ್ಲಿ ಎರಡು ಕಡೆ ಬೆರಳಿಟ್ಟು ತೋರಿಸಿದರು. ಆ ಎರಡು ಮಾತ್ರ ಜೋಡಿಗಂಟು. "ಇವೆರಡು ಮಾಡಿದ ಮಾರನೇ ದಿನ ಬಿದ್ದವು. ಬಿದ್ದಿದ್ದಕ್ಕೆ ಜೋಡಿಗಂಟು ಹಾಕಿದೀನಿ." ದಾರ ಸುತ್ತಿ ನನ್ನ ಜೇಬಿಗೇ ತುರುಕಿ, ಒಳಗೆ ಹೋಗಿ, ಗೋಡೆಯ ಮೇಲಿನ 'ಒಲೆ ಆರಿಸಿದೆಯಾ?' ಒರೆಸಿ ಹಾಕಿದರು. ಹೂಬಳ್ಳಿಯ ಅಂಚನ್ನು ಮಾತ್ರ ಉಳಿಸಿದ್ದಾರೆ. ನಡುವೆ ಖಾಲಿ.

ಏಪ್ರಿಲ್ ೧೨, ಶನಿವಾರ

ಬಿಡುಗಡೆಯ ದಿನ. ಹೂವಿನ ಕಾಲ ಮುಗಿಯಿತು. ಬೆಳಗ್ಗೆ ಇಡೀ ತೋಟದಲ್ಲಿ ಅರಳಿದ್ದು ನಾಲ್ಕೇ ಹೂವು. ಹಡಗಿನ ಹೆಸರು ನಿನ್ನ ಹೆಂಡತಿಯ ಹೆಸರಿಗಿಂತ ಉದ್ದವಾ ಎಂದು ಅತ್ತೆ ಕೇಳಿದರು. ಚೀಲವನ್ನು ತಾವೇ ಕಟ್ಟಿಕೊಟ್ಟು, ಗೇಟು ತಾವೇ ತೆಗೆದರು.

ಎಂಟೂ ಹತ್ತಕ್ಕೆ ಬಸ್ಸು ಬಂತು. ನಾನು ಚೀಲ ಹಿಡಿದು ಕೈ ಎತ್ತಿದೆ. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ ಸ್ನೇಹದಿಂದ ಮರಳಿ ಕೈಯಾಡಿಸಿದ. ಬಸ್ಸು ನಿಲ್ಲದೆ ಮುಂದೆ ಹೋಯಿತು. ಆರು ವಾರ ದಿನವೂ ಹೋಗು ಹೋಗು ಎಂದು ಕೈಯಾಡಿಸಿದವನನ್ನು ಅವನಾದರೂ ಹೇಗೆ ನಂಬಬೇಕು?

ತಿರುವಿನಲ್ಲಿ ಅದು ನಡಿಗೆಯ ವೇಗಕ್ಕೆ ಇಳಿಯಿತು. ಓಡಬಹುದಿತ್ತು. ಆದರೆ ಚೀಲ ಭಾರವಿತ್ತು. ಚಪ್ಪಲಿಯೂ ಹೊಸದು. ಹಿಂದಿನಿಂದ ಅತ್ತೆ ಗೇಟು ಹಿಡಿದುಕೊಂಡು, ಕಣ್ಣಿನಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಅವರ ಎಡಗಣ್ಣಿಗೆ ಅಷ್ಟು ಆಯಾಸ ಒಳ್ಳೆಯದಲ್ಲವೆಂದು ಹೇಳಲು ತಿರುಗಿದೆ. ಅಷ್ಟರಲ್ಲಿ ಬಸ್ಸು ಹೋಗಿತ್ತು.

ನಾಳೆ ಖಂಡಿತ. ಸೋಮವಾರದವರೆಗೆ ಸಮಯವಿದೆ. ಹದಿನಾಲ್ಕನೆಯ ಸಾಲಿನ ಕೊನೆಯ ಗೂಟದಲ್ಲಿ ಇನ್ನೊಂದು ಮೊಗ್ಗು ಉಳಿದಿದೆ. ಆರಕ್ಕೆ ಅರಳಿದರೆ ಎಂಟೂ ಹತ್ತರೊಳಗೆ ಅದರ ಕೆಲಸ ಮುಗಿಸಿ ಹೊರಡಬಹುದು. ಸಂಜೆ ಹೋಗಿ ನೋಡಿ ಬಂದೆ. ಕೆಳಗೇ ನೋಡುತ್ತಿದೆ.